ಎರಡು ಸಲಕ್ಕಿಂತ ಹೆಚ್ಚು ಕೂರಬಾರದು

ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಗದಗಿನ ಕಡೆಯ ಒಂದು ಕುಟುಂಬವಿದೆ. ಯಜಮಾನ ಪಾಯಾ ಲೆಬಾರ್‌ನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನನ್ನು ಅಂಕಲ್ ಅನ್ನುತ್ತಾನೆ. ಒಂದು ಸಂಜೆ ಅವನು ಕಟ್ಟಡದಡಿಯ ತೆರೆದ ಜಾಗವಾದ ವಾಯ್ಡ್ ಡೆಕ್‌ನ ಕಲ್ಲುಮೇಜಿನ ಹತ್ತಿರ ನನ್ನನ್ನು ತಡೆದು ನಿಲ್ಲಿಸಿ, ತನ್ನ ತಾಯಿಯನ್ನು ಪರೀಕ್ಷೆ ಮಾಡಿಕೊಡಬೇಕು ಎಂದ. ನಾನು ವೈದ್ಯನಲ್ಲ ಎಂದು ನೆನಪಿಸಿದೆ. ವೈದ್ಯರು ಬೇಡ, ನೀವೇ ಬೇಕು ಎಂದ. ಮೂವತ್ತು ವರ್ಷ ಸಾಫ್ಟ್‌ವೇರ್ ಪರೀಕ್ಷಿಸುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನ ಕೌಶಲಕ್ಕೆ ಕೊನೆಗೂ ಒಂದು ಘನವಾದ ಉಪಯೋಗ ಬಂತಲ್ಲ ಎಂದುಕೊಂಡು ಅಲ್ಲೇ ಕೂತೆ.

ವಿಷಯ ಇಷ್ಟು. ಅವನ ತಾಯಿಗೆ ಅರವತ್ತೊಂಬತ್ತು. ವರ್ಷದಲ್ಲಿ ಕೆಲವು ತಿಂಗಳು ಇಲ್ಲಿ ಬಂದು ಮಗನ ಮನೆಯಲ್ಲಿರುತ್ತಾರೆ. ಅವರ ಊರಿನ ಓಣಿಯ ಹೆಂಗಸರ ಗುಂಪೊಂದು ಕೈಲಾಸ ಮಾನಸ ಸರೋವರದ ಯಾತ್ರೆಗೆ ಹೊರಟಿತ್ತು. ಕರೆದುಕೊಂಡು ಹೋಗುವವರು ಎಪ್ಪತ್ತು ತುಂಬಿದವರನ್ನು ಸೇರಿಸಿಕೊಳ್ಳುವುದಿಲ್ಲವಂತೆ. ಆದ್ದರಿಂದ ಹೋದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ. ಅರ್ಜಿಯ ಕೊನೆಯಲ್ಲಿ ಮನೆಯವರೊಬ್ಬರ ಒಪ್ಪಿಗೆ ಸಹಿ ಬೇಕು. ಹೆಸರು ಕೊಡಲು ಬುಧವಾರ ಕಡೆಯ ದಿನ. ಮಗ ಸಹಿ ಹಾಕಲು ತಯಾರಿರಲಿಲ್ಲ. ಹಿಂದಿನ ವರ್ಷ ಮಲೇಷ್ಯಾದ ಗುಹಾದೇವಾಲಯ ಬಟು ಕೇವ್ಸ್‌ನ ಮೆಟ್ಟಿಲು ಹತ್ತುವಾಗ ತಾಯಿ ನಡುವೆಯೇ ಕೂತು ಕಣ್ಣು ಮುಚ್ಚಿಬಿಟ್ಟಿದ್ದರು. ಎರಡು ನಿಮಿಷ ಮಾತಾಡಿರಲಿಲ್ಲ. ಆ ಎರಡು ನಿಮಿಷ ಅವನ ತಲೆಯಿಂದ ಇನ್ನೂ ಇಳಿದಿರಲಿಲ್ಲ.

ತಾಯಿಯೂ ಸುಮ್ಮನೆ ಬಿಡುವವರಲ್ಲ. ವಾರವಿಡೀ ಮನೆಯಲ್ಲಿ ಮಾತುಕತೆ ನಡೆದು, ಕೊನೆಗೆ ಒಂದು ಒಪ್ಪಂದವಾಗಿತ್ತು. ಇಲ್ಲಿನ ಒಂದು ಜಲಾಶಯದ ಆಚೆಯ ಕಾಡಿನೊಳಗೆ ಬ್ರಿಟಿಷರ ಕಾಲದ ಒಂದು ಕಾವಲುಗಾರನ ಗುಡಿಸಲಿದೆ. ನೀರಿನ ಕೊಳವೆಗಳನ್ನು ಕಾಯುವವನು ಅಲ್ಲಿರುತ್ತಿದ್ದನಂತೆ. ಈಗ ಅದು ಇತಿಹಾಸ. ಹೋಗಿ ಬರಲು ಹನ್ನೊಂದು ಕಿಲೋಮೀಟರ್, ನಡುವೆ ಏರು, ಇಳಿವು, ಬೇರು, ಕೆಸರು. ತಾಯಿ ಆ ಗುಡಿಸಲನ್ನು ಮುಟ್ಟಿ ಬರಬೇಕು. ದಾರಿಯಲ್ಲಿ ಎರಡು ಸಲಕ್ಕಿಂತ ಹೆಚ್ಚು ಕೂರಬಾರದು. ಗುಡಿಸಲ ಹತ್ತಿರ ಊಟಕ್ಕೆ ಕೂರುವುದು ಲೆಕ್ಕಕ್ಕಿಲ್ಲ. ಇಷ್ಟಾದರೆ ಮಗ ಸಹಿ ಹಾಕಬೇಕು. ಲೆಕ್ಕ ಇಡಲು ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರೊಬ್ಬರು ಬೇಕು. ಆ ಗೌರವ ನನ್ನ ಪಾಲಿಗೆ ಬಂದಿತ್ತು. ನಾನು ಮೈಸೂರಿನವನು. ಮೈಸೂರಿನವರು ಯಾರ ಕಡೆಗೂ ಮಾತಾಡುವುದಿಲ್ಲ ಎಂದು ತಾಯಿ ಹೇಳಿದ್ದರಂತೆ. ಅದನ್ನು ಹೊಗಳಿಕೆ ಎಂದೇ ತಿಳಿದೆ.

ಭಾನುವಾರದ ಹಬ್ಬಕ್ಕೆ ಸೋಮವಾರ ರಜೆ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಹೊರಡುವುದೆಂದಾಯಿತು. ಇಂಥ ಗಂಭೀರ ಕಾರ್ಯಕ್ಕೆ ದಿನದ ಚಪ್ಪಲಿ ಹಾಕಿಕೊಂಡು ಹೋಗುವುದು ಶೋಭೆಯಲ್ಲವೆಂದು ಕಪಾಟಿನ ಮೇಲಿನ ಅಟ್ಟದಿಂದ ನನ್ನ ಒಳ್ಳೆಯ ಶೂ ತೆಗೆದೆ. ಬೆಟ್ಟ ಹತ್ತುವವರ ಶೂ. ಹನ್ನೊಂದು ವರ್ಷದ ಹಿಂದೆ ಕೊಂಡದ್ದು, ಎರಡೇ ಸಲ ಹಾಕಿದ್ದು. ನಮ್ಮ ಮನೆಯಲ್ಲಿ ಒಳ್ಳೆಯ ವಸ್ತುವನ್ನು ಕೊಂಡ ಮೇಲೆ ಬಳಸುವ ಪದ್ಧತಿಯಿಲ್ಲ. ಎತ್ತಿಡುತ್ತೇವೆ. ಒಳ್ಳೆಯ ಬೆಡ್‌ಶೀಟು ನೆಂಟರಿಗೆ, ಒಳ್ಳೆಯ ಲೋಟ ಇನ್ನೂ ದೊಡ್ಡ ನೆಂಟರಿಗೆ. ಶೂ ಕೂಡ ಹಾಗೆಯೇ, ಯೋಗ್ಯವಾದ ಸಂದರ್ಭಕ್ಕೆ ಕಾಯುತ್ತ ಪೆಟ್ಟಿಗೆಯಲ್ಲಿ ಮಲಗಿತ್ತು. ಹೊರಗೆ ನೋಡಿದರೆ ಹೊಸದರಂತೆ ಹೊಳೆಯುತ್ತಿತ್ತು. ಹೆಂಡತಿ ಅದನ್ನು ನೋಡಿ, ಇನ್ನೂ ಇದೆಯಾ ಇದು ಎಂದಳು. ಎಚ್ಚರಿಕೆಯ ಮಾತೆಂದು ಆಗ ನನಗೆ ಹೊಳೆಯಲಿಲ್ಲ.

ಕಾಡಿನ ಬಾಗಿಲಲ್ಲಿ ಅಭ್ಯರ್ಥಿಯನ್ನು ನೋಡಿದೆ. ಇಳಕಲ್ ಸೀರೆ, ಸೊಸೆ ಕೊಡಿಸಿದ ಬೂಟು, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ. ಪ್ಲಾಸ್ಟಿಕ್ ಚೀಲ ಕಂಡರೆ ಇಲ್ಲಿನ ಮಂಗಗಳು ಕಸಿಯುತ್ತವೆ ಎಂದು ಮೊಮ್ಮಗಳು ಹೇಳಿಕೊಟ್ಟಿದ್ದಳಂತೆ. ಮಗನ ಕೈಯಲ್ಲಿ ಒಂದು ಗಡಿಯಾರ, ಜೇಬಿನಲ್ಲಿ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್. ನನ್ನ ಕೈಯಲ್ಲಿ ಸಣ್ಣ ನೋಟ್‌ಬುಕ್ ಮತ್ತು ಪೆನ್ಸಿಲ್. ನಮ್ಮ ವೃತ್ತಿಯಲ್ಲಿ ಒಂದು ನಿಯಮವಿದೆ: ಕಂಡದ್ದನ್ನು ಬರೆ, ಅನಿಸಿದ್ದನ್ನು ಬರೆಯಬೇಡ. ಯಾರು ಕೂತರೂ ಬರೆಯುವುದೆಂದು ನಿಶ್ಚಯಿಸಿ ಪುಟದಲ್ಲಿ ಮೂರು ಅಂಕಣ ಗೀಚಿಕೊಂಡೆ. ಒಂದರ ಮೇಲೆ ನನ್ನ ಹೆಸರನ್ನೂ ಬರೆದೆ. ಕಾಗದದ ಮೇಲೆ ಅದು ತಮಾಷೆಯಾಗಿ ಕಂಡಿತು.

ಸಿಂಗಪುರದ ಕಾಡಿನ ಬಗ್ಗೆ ಒಂದು ಮಾತು ಹೇಳಬೇಕು. ಅದು ಕಾಡೇ. ಮರಗಳು ಆಕಾಶ ಮುಚ್ಚುತ್ತವೆ, ಜೀರುಂಡೆಗಳು ಕಿವಿ ಕೊರೆಯುತ್ತವೆ, ಬೆತ್ತದ ಮುಳ್ಳು ಅಂಗಿ ಹಿಡಿದು ಎಳೆಯುತ್ತದೆ. ಆದರೆ ಎಲ್ಲಿ ನಿಂತರೂ ಫೋನಿಗೆ ಪೂರ್ತಿ ಸಿಗ್ನಲ್. ಪ್ರತಿ ಹತ್ತು ನಿಮಿಷಕ್ಕೊಬ್ಬ ಓಟಗಾರ ಬೆವರು ಚೆಲ್ಲುತ್ತ ಎದುರು ಬಂದು ಗುಡ್ ಮಾರ್ನಿಂಗ್ ಹೇಳುತ್ತಾನೆ. ಹಳೆಯ ರಬ್ಬರ್ ಮರಗಳ ತೊಗಟೆಯ ಮೇಲೆ ಕೊಯ್ದ ಗುರುತು ಇನ್ನೂ ಇದೆ. ತೋಟ ಹೋಗಿ ಕಾಡಾದದ್ದು ಆ ಮರಗಳಿಗೆ ತಿಳಿದಂತಿಲ್ಲ, ಇನ್ನೂ ಸಾಲಾಗಿಯೇ ನಿಂತಿವೆ.

ಮೊದಲ ಎರಡು ಕಿಲೋಮೀಟರು ತಾಯಿ ಮುಂದೆ, ನಾವಿಬ್ಬರು ಹಿಂದೆ. ಅವರ ನಡಿಗೆಯಲ್ಲಿ ಆತುರವಿರಲಿಲ್ಲ. ನೀರು ತರಲು ಹೊರಟವರು ನಡೆಯುವ ಹಾಗೆ, ಒಂದೇ ಸಮ. ಮಗ ಪ್ರತಿ ಕಿಲೋಮೀಟರಿಗೆ ಅವರನ್ನು ನಿಲ್ಲಿಸಿ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಿದ್ದ. ಒಮ್ಮೆ ಸುಮ್ಮನೆ ನನಗೂ ಹಾಕಿದ. ನನ್ನ ಅಂಕಿ ಅವರಿಗಿಂತ ಎರಡು ಕಡಿಮೆ ಬಂತು. ಯಂತ್ರ ಹಳೆಯದಾಗಿದೆ ಎಂದು ನಾನು ಅಭಿಪ್ರಾಯಪಟ್ಟೆ.

ಮೊದಲ ದೊಡ್ಡ ಏರಿನಲ್ಲಿ ತಾಯಿ ಬಿದ್ದ ಮರದ ಕಾಂಡದ ಮೇಲೆ ಕೂತರು. ನಾಲ್ಕು ನಿಮಿಷ. ಬರೆದುಕೊಂಡೆ. ಅಷ್ಟು ಹೊತ್ತಿಗೆ ನನ್ನ ಅಂಕಣದಲ್ಲಿ ಎರಡು ಗೀಟು ಬಿದ್ದಿದ್ದವು. ಮಗ ಫೋನು ಬಂತೆಂದು ಒಮ್ಮೆ ಬಂಡೆಯ ಮೇಲೆ ಕೂತಿದ್ದ. ಅದನ್ನೂ ಬರೆದೆ.

ನಾಲ್ಕನೇ ಕಿಲೋಮೀಟರು ದಾಟಿದ ಮೇಲೆ ನನ್ನ ಬಲಗಾಲು ಹಗುರವಾದಂತೆ ಅನಿಸಿತು. ತಪಸ್ಸಿನ ಫಲವಿರಬಹುದೆಂದು ನಾಲ್ಕು ಹೆಜ್ಜೆ ಹಾಗೆಯೇ ನಡೆದೆ. ಹಿಂದೆ ತಿರುಗಿ ನೋಡಿದರೆ ನನ್ನ ಶೂವಿನ ಸೋಲು, ಅಂದರೆ ಇಡೀ ಅಡಿಭಾಗ, ಕೆಸರಿನಲ್ಲಿ ಬೋರಲಾಗಿ ಬಿದ್ದಿತ್ತು. ಎತ್ತಿಕೊಂಡೆ. ಅಂಚು ಮೈಸೂರುಪಾಕಿನಂತೆ ಬೆರಳಲ್ಲೇ ಪುಡಿಯಾಯಿತು. ಈ ಊರಿನ ಸೆಕೆಗೆ ಶೂ ನಡೆದು ಸವೆಯುವುದಿಲ್ಲ, ಸುಮ್ಮನೆ ಇಟ್ಟರೆ ಸವೆಯುತ್ತದೆ. ಇಲ್ಲಿ ಇಪ್ಪತ್ತಾರು ವರ್ಷ ಇದ್ದೂ ನನಗೆ ಗೊತ್ತಿರಲಿಲ್ಲ. ಎಡಗಾಲಿನದು ಇನ್ನೂ ಅಂಟಿಕೊಂಡಿತ್ತು, ಆದರೆ ಬಾಯಿ ಬಿಡತೊಡಗಿತ್ತು.

ಮಗ ನನ್ನ ಕಾಲು ನೋಡಿದ, ಮುಂದಿನ ಕಲ್ಲು ದಾರಿ ನೋಡಿದ. ವಾಪಸ್ ಹೋಗೋಣ ಎಂದ. ಅಂಕಲ್‌ಗೆ ಏನಾದರೂ ಆದರೆ ಆಂಟಿಗೆ ಏನು ಹೇಳಲಿ ಎಂದ. ನನ್ನ ಮೇಲಿನ ಕಾಳಜಿ ನಿಜವಾದದ್ದೇ. ಆದರೆ ಅವನ ಮುಖದಲ್ಲಿ ಒಂದು ಸಮಾಧಾನವೂ ಕಂಡಿತು. ಗುಡಿಸಲು ಮುಟ್ಟದಿದ್ದರೆ ಪರೀಕ್ಷೆ ಮುಗಿದಂತಲ್ಲ. ಮುಗಿಯದ ಪರೀಕ್ಷೆಗೆ ಸಹಿ ಹಾಕುವ ಪ್ರಶ್ನೆಯಿಲ್ಲ. ಬುಧವಾರದೊಳಗೆ ಇನ್ನೊಂದು ರಜೆಯೂ ಇರಲಿಲ್ಲ.

ತಾಯಿಗೆ ಅದು ನಮಗಿಂತ ಬೇಗ ಅರ್ಥವಾಗಿತ್ತು.

"ತಮ್ಮಾ, ನನ್ನ ಕಾಲ ನೆಟ್ಟಗ ಅದಾವು. ನಿನ್ನ ಕಾಲೂ ನೆಟ್ಟಗ ಅದಾವು. ಹರದದ್ದು ಇವರ ಬೂಟ. ಇವರ ಬೂಟಿನ ಸಲುವಾಗಿ ನಾ ಯಾಕ ನಪಾಸಾಗಲಿ?"

"ಅವ್ವಾ, ಅವರು ಬರಿಗಾಲಲ್ಲಿ ಹೆಂಗ ನಡೀತಾರ?"

"ನಡೀಬ್ಯಾಡ್ರಿ. ನೀವಿಬ್ಬರೂ ಇಲ್ಲೇ ಕೂಡ್ರಿ. ನಾ ಒಬ್ಬಾಕಿನ ಮುಟ್ಟಿ ಬರ್ತೀನಿ."

ಅದಕ್ಕೆ ಮಗ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಪರೀಕ್ಷಕನಿಲ್ಲದ ಪರೀಕ್ಷೆ ಯಾವ ಲೋಕದಲ್ಲೂ ಸಿಂಧುವಲ್ಲ ಎಂದು ಹೇಳಿದೆ. ಒಂದು ಕಾಲಲ್ಲಿ ಶೂ, ಇನ್ನೊಂದು ಕಾಲಲ್ಲಿ ಅಡಿಯಿಲ್ಲದ ಶೂ, ಕೈಯಲ್ಲಿ ಸೋಲು ಹಿಡಿದವನ ಮಾತಿಗೆ ಎಷ್ಟು ತೂಕವಿರಬೇಕೋ ಅಷ್ಟೇ ಇತ್ತು.

ತಾಯಿ ಸೀರೆಯ ಅಂಚನ್ನು ಮೇಲೆತ್ತಿ ಒಳಗೆ ಹೊಲಿದಿದ್ದ ಫಾಲ್‌ನ ತುದಿಯನ್ನು ಹಲ್ಲಿನಿಂದ ಕಚ್ಚಿದರು. ದಾರ ಸರಸರನೆ ಬಿಚ್ಚಿತು. ಅಗಲವಾದ ಗಟ್ಟಿ ಪಟ್ಟಿ, ಎರಡು ಮಾರು ಉದ್ದವಿತ್ತು. ಅದನ್ನು ನಡುವೆ ಸೀಳಿ ಎರಡು ಮಾಡಿದರು. ನನ್ನನ್ನು ಬಂಡೆಯ ಮೇಲೆ ಕೂರಿಸಿ (ಬರೆದುಕೊಂಡೆ, ಮೂರನೆಯದು) ಸೋಲನ್ನು ಶೂವಿಗೆ ಒತ್ತಿ, ಪಟ್ಟಿಯನ್ನು ಅಡಿಯಿಂದ ತಂದು, ಹಿಮ್ಮಡಿಯ ಹಿಂದೆ ಹಾಯಿಸಿ, ಮೇಲೆ ಗಂಟು ಹಾಕಿದರು. ಎಡಗಾಲಿಗೂ ಮುಂಜಾಗ್ರತೆಯಾಗಿ ಹಾಗೆಯೇ ಕಟ್ಟಿದರು. ಹಿರಿಯರಿಂದ ಕಾಲು ಮುಟ್ಟಿಸಿಕೊಳ್ಳುವುದು ಹೇಗೆಂದು ನಾನು ಕಾಲು ಎಳೆದುಕೊಂಡರೆ, ಸುಮ್ಮನಿರ್ರಿ ಸರ, ಎತ್ತಿನ ಕಾಲಿಗೂ ಕಟ್ಟೇನಿ ಎಂದರು. ನಾನು ಕಾಲು ಮುಂದಕ್ಕೆ ಚಾಚಿದೆ.

ನಡೆದು ನೋಡಿದೆ. ಕಟ್ಟು ಗಟ್ಟಿಯಾಗಿ ನಿಂತಿತು. ಮಗ ಒಮ್ಮೆ ಆಕಾಶ ನೋಡಿ, ಸರಿ ಎಂದ.

ಗುಡಿಸಲು ಸಿಕ್ಕಾಗ ಹತ್ತೂವರೆ. ಹೋಗುವಾಗ ತಾಯಿ ಇನ್ನೊಮ್ಮೆ ಕೂತಿದ್ದರು, ಮೂರು ನಿಮಿಷ. ಅಲ್ಲಿಗೆ ಅವರ ಪಾಲಿನ ಎರಡೂ ಮುಗಿದಿದ್ದವು. ಬರುವಾಗ ಒಮ್ಮೆಯೂ ಕೂರುವಂತಿರಲಿಲ್ಲ. ಅದು ಮೂವರಿಗೂ ಗೊತ್ತಿತ್ತು.

ಇತಿಹಾಸವೆಂದು ಕೇಳಿ ಮನಸ್ಸಿನಲ್ಲಿ ಏನೇನೋ ಕಟ್ಟಿಕೊಂಡಿದ್ದೆ. ಎದುರಿಗಿದ್ದದ್ದು ಇಟ್ಟಿಗೆಯ ಮೋಟುಗಳ ಮೇಲೆ ನಿಂತ ಒಂದು ಮರದ ಕೋಣೆ, ಮೇಲೆ ತಗಡು. ನಮ್ಮ ಬ್ಲಾಕಿನ ಎರಡು ಲಿಫ್ಟು ಸೇರಿಸಿದರೆ ಎಷ್ಟೋ ಅಷ್ಟೇ ಜಾಗ. ಬಾಗಿಲಿಗೆ ಹೊಸ ಬೀಗ. ಪಕ್ಕದಲ್ಲಿ ಒಂದು ಫಲಕ, ಅದರಲ್ಲಿ ಆ ಕಾಲದ ಕಾವಲುಗಾರನ ಬಗ್ಗೆ ನಾಲ್ಕು ಸಾಲು. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಕೊಳವೆಯ ವ್ಯಾಸ ಮಾತ್ರ ಇಂಚಿನ ಲೆಕ್ಕದಲ್ಲಿ ಗೊತ್ತಿದೆ.

ತಾಯಿ ಫಲಕದ ಕಡೆ ನೋಡಲಿಲ್ಲ. ಒಪ್ಪಂದದ ಪ್ರಕಾರ ಗುಡಿಸಲಿನ ಗೋಡೆಯನ್ನು ಅಂಗೈಯಿಂದ ಮುಟ್ಟಿದರು. ಸರಿಯಾಗಿ ನೋಡಿದಿರಲ್ಲ ಎಂಬಂತೆ ನನ್ನ ಕಡೆ ತಿರುಗಿದರು. ಬರೆದುಕೊಂಡೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡಿಸಲನ್ನು ಬಲಗಡೆಗೆ ಇಟ್ಟುಕೊಂಡು ಸುತ್ತಲು ಶುರುಮಾಡಿದರು. ಮಗ ಗಾಬರಿಯಾಗಿ ಏನು ಮಾಡುತ್ತಿದ್ದೀ ಎಂದ. ಅಲ್ಲಿ ಕೈಲಾಸವನ್ನು ಮೂರು ದಿನ ಸುತ್ತಬೇಕು, ಇಲ್ಲಿ ರೂಢಿ ಮಾಡಿಕೊಳ್ಳುತ್ತೇನೆ ಎಂದರು. ಮೂರು ಸುತ್ತು ಬಂದರು.

ಎರಡನೆಯ ಸುತ್ತಿನ ಹೊತ್ತಿಗೆ ವಯಸ್ಸಾದ ಚೀನೀ ಗಂಡಹೆಂಡಿರಿಬ್ಬರು ಊರುಗೋಲು ಹಿಡಿದು ಬಂದರು. ಗಂಡ ಸ್ವಲ್ಪ ಹೊತ್ತು ನೋಡಿ, ಇದು ಯಾವ ದೇವಸ್ಥಾನ ಎಂದು ನನ್ನನ್ನು ಕೇಳಿದರು. ದೇವಸ್ಥಾನವಲ್ಲ, ನೀರು ಸರಬರಾಜಿಗೆ ಸಂಬಂಧಿಸಿದ್ದು ಎಂದೆ. ಆತ ತಲೆಯಾಡಿಸಿ, ನೀರು ಮುಖ್ಯ ಎಂದು ಹೇಳಿ, ಟೋಪಿ ತೆಗೆದು ಬೀಗಕ್ಕೆ ಒಮ್ಮೆ ಕೈಮುಗಿದರು. ತಾಯಿ ಅವರಿಬ್ಬರಿಗೂ ಒಂದೊಂದು ರೊಟ್ಟಿ ಕೊಟ್ಟರು. ಅದು ಬಿಸ್ಕತ್ತೆಂದು ತಿಳಿದು ಆತನ ಹೆಂಡತಿ ಮುರಿದು ಜೇಬಿಗೆ ಹಾಕಿಕೊಂಡರು.

ಊಟ ಮುಗಿಯುವಷ್ಟರಲ್ಲಿ ದೂರದಲ್ಲಿ ಗುಡುಗಿತು. ಮಳೆ ಶುರುವಾದರೆ ಈ ಊರಿನಲ್ಲಿ ಟ್ಯಾಕ್ಸಿ ಸಿಗುವುದಿಲ್ಲ. ಮಗ ತಾನು ಮುಂದೆ ಹೋಗಿ ಕಾರು ಬುಕ್ ಮಾಡಿ ಬಾಗಿಲಲ್ಲಿ ನಿಲ್ಲುತ್ತೇನೆ, ನೀವು ನಿಧಾನವಾಗಿ ಬನ್ನಿ ಎಂದು ಹೊರಟ. ಹೋಗುವಾಗ ನನ್ನ ನೋಟ್‌ಬುಕ್ಕಿನ ಕಡೆ ಒಂದು ನೋಟ ಹಾಕಿದ.

ಕಡೆಯ ಒಂದು ಕಿಲೋಮೀಟರಿನಲ್ಲಿ ಮರದ ಮೆಟ್ಟಿಲುಗಳ ಒಂದು ಏರಿದೆ. ಬೆಳಿಗ್ಗೆ ಇಳಿದಿದ್ದೆವು, ಈಗ ಹತ್ತಬೇಕು. ಗಾಳಿ ಪೂರ್ತಿ ನಿಂತಿತ್ತು. ಅರ್ಧ ಹತ್ತಿದ ಮೇಲೆ ತಾಯಿ ಕಂಬಿ ಹಿಡಿದು ನಿಂತರು. ಮುಖ ಬಿಳಿಚಿತ್ತು. ನಾನು ಏನೂ ಹೇಳುವ ಮುಂಚೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಣ್ಣು ಮುಚ್ಚಲಿಲ್ಲ. ಎದುರಿನ ಮರವನ್ನೇ ನೋಡುತ್ತ ಉಸಿರು ಎಳೆದು ಬಿಡುತ್ತಿದ್ದರು. ನೀರು ಕೊಟ್ಟೆ. ಎರಡು ಗುಟುಕು ಕುಡಿದರು. ಮಗನಿಗೆ ಫೋನು ಮಾಡಲೇ ಎಂದೆ. ಬೇಡವೆಂದು ಕೈಯಾಡಿಸಿದರು.

ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ. ಆರು ನಿಮಿಷವಾಯಿತು. ಪೆನ್ಸಿಲು ನನ್ನ ಕೈಯಲ್ಲೇ ಇತ್ತು.

"ಬರಕೋರಿ ಸರ," ಎಂದರು.

"ಆಮೇಲೆ ಬರೀತೀನಮ್ಮ."

"ಈಗ ಬರೀರಿ. ಆಮ್ಯಾಲ ನಿಮಗ ನನ್ನ ಮ್ಯಾಲ ಕರುಣಾ ಬರ್ತೈತಿ."

ಬರೆದೆ. ಅವರು ಕಂಬಿ ಹಿಡಿದು ತಾವೇ ಎದ್ದರು. ಉಳಿದ ಮೆಟ್ಟಿಲು ಹತ್ತಿ, ಉಳಿದ ದಾರಿ ನಡೆದು, ಮಳೆಯ ಮೊದಲ ಹನಿ ಬೀಳುವಾಗ ಬಾಗಿಲು ತಲುಪಿದೆವು. ಮಗ ಕಾರಿನ ಬಾಗಿಲು ತೆಗೆದು ಹಿಡಿದಿದ್ದ. ಒಳಗೆ ಕೂತ ಮೇಲೆ ಏನಾಯಿತು ಅಂಕಲ್ ಎಂದು ಕೇಳಿದ. ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ.

"ಮೂರು ಸಲ ಕೂತೆ," ಎಂದರು ತಾಯಿ. "ಸುಳ್ಳು ಹೇಳಿ ಅಲ್ಲಿಗೆ ಹೋಗೂದು ಬ್ಯಾಡ."

ಮಗ ಮುಂದಕ್ಕೆ ತಿರುಗಿ ಕೂತ. ಚೋವಾ ಚು ಕಾಂಗ್ ಬರುವವರೆಗೆ ವೈಪರ್ ಒಂದೇ ಮಾತಾಡುತ್ತಿತ್ತು.

ಮಂಗಳವಾರ ಸಂಜೆಯವರೆಗೆ ಒಂಬತ್ತನೇ ಮಹಡಿಯಿಂದ ಸುದ್ದಿಯಿಲ್ಲ. ಲಿಫ್ಟಿನಲ್ಲಿ ಸೊಸೆ ಸಿಕ್ಕಿ, ಅತ್ತೆ ಎಂದಿನಂತೆಯೇ ಇದ್ದಾರೆ, ಅದೇ ಭಯ ಎಂದಳು. ಮನೆಗೆ ಬಂದು ನೋಟ್‌ಬುಕ್ ತೆಗೆದೆ. ನನ್ನನ್ನು ಕರೆದದ್ದು ಪರೀಕ್ಷಕನೆಂದು. ಪರೀಕ್ಷಕ ವರದಿ ಕೊಡದೆ ಕೆಲಸ ಮುಗಿಯುವುದಿಲ್ಲ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ವರದಿಯನ್ನು ಮೊದಲ ಸಲ ಕನ್ನಡದಲ್ಲಿ ಬರೆದೆ, ಬಿಳಿ ಹಾಳೆಯ ಮೇಲೆ, ಮಾರ್ಜಿನ್ ಬಿಟ್ಟು. ವಿಷಯ, ಉಲ್ಲೇಖ, ಸ್ಥಳ ಎಲ್ಲ ಹಾಕಿ ಮೇಲಕ್ಕೆ ಹೋಗಿ ಮಗನ ಕೈಗೆ ಕೊಟ್ಟೆ. ತಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು.

ವರದಿಯ ಮುಖ್ಯ ಭಾಗ ಹೀಗಿತ್ತು. ಅಭ್ಯರ್ಥಿ ಕೂತದ್ದು ಮೂರು ಸಲ: ನಾಲ್ಕು ನಿಮಿಷ, ಮೂರು ನಿಮಿಷ, ಆರು ನಿಮಿಷ. ಮೂರು ಸಲವೂ ಯಾರ ಕೈಯನ್ನೂ ಹಿಡಿಯದೆ ತಾವಾಗಿಯೇ ಎದ್ದರು. ಮೂರನೆಯ ಸಲ ಮುಖ ಬಿಳಿಚಿತ್ತು, ಕಣ್ಣು ತೆರೆದಿತ್ತು, ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರು; ಪರೀಕ್ಷಕ ಒಂದು ಮೆಟ್ಟಿಲು ಕೆಳಗೆ ಕೂತಿದ್ದ. ನಿಯಮ ರೂಪಿಸಿದವರು ಕೂತದ್ದು ಐದು ಸಲ, ಅವುಗಳಲ್ಲಿ ಎರಡು ಫೋನಿಗಾಗಿ ಎಂದು ಅವರದೇ ಹೇಳಿಕೆ. ಪರೀಕ್ಷಕ ಕೂತದ್ದು ಏಳು ಸಲ, ಎರಡು ಸಲ ಅವನನ್ನು ಹಿಡಿದೆತ್ತಬೇಕಾಯಿತು, ಹಿಡಿದೆತ್ತಿದವರು ಅಭ್ಯರ್ಥಿ. ನಿಯಮದ ಪ್ರಕಾರ ಮೂವರೂ ಅನುತ್ತೀರ್ಣ. ಆದರೆ ಅರ್ಜಿ ಹಾಕಿರುವುದು ಒಬ್ಬರು ಮಾತ್ರ.

ಮಗ ಓದಿ ನಗಲಿಲ್ಲ. ಎರಡು ಸಲ ಓದಿದ.

"ಅಂಕಲ್, ಇಲ್ಲಿ ನೀವು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ರಿ. ಅಲ್ಲಿ ಯಾರು ಕೂರ್ತಾರೆ?"

ಗೊತ್ತಿಲ್ಲ ಎಂದೆ. ಕಂಡದ್ದನ್ನು ಬರೆದಿದ್ದೇನೆ, ಅಲ್ಲಿ ಏನಾಗುತ್ತದೆಂದು ನಾನು ಕಂಡಿಲ್ಲ ಎಂದೆ.

ರೊಟ್ಟಿಯ ಸದ್ದು ನಿಂತಿತ್ತು. ತಾಯಿ ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ಬಂದು ನಿಂತಿದ್ದರು.

"ನಮ್ಮ ಓಣ್ಯಾನ ಹದಿನಾಕು ಮಂದಿ ಅದೇವಿ, ತಮ್ಮಾ. ಯಾರರೆ ಕೂಡ್ತಾರ."

ಅವನು ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ, ಕುದುರೆ ಮೇಲೆ ಹೋಗಬೇಕು ಎಂದ. ಏರಿನಾಗ ಅಷ್ಟ, ಇಳಿಜಾರಿನಾಗ ನಡೀತೀನಿ ಎಂದರು ತಾಯಿ. ಪೂರ್ತಿ ಕುದುರೆ ಎಂದ ಇವನು. ಅವರಿಬ್ಬರ ಚೌಕಾಸಿ ಒಂದು ಲೋಟ ಚಹಾ ಮುಗಿಯುವವರೆಗೆ ನಡೆಯಿತು. ಏರಿಗೆ ಕುದುರೆ, ಸಮದಾರಿಗೆ ಕಾಲು, ಇಳಿಜಾರಿಗೆ ಆ ದಿನ ನೋಡಿಕೊಂಡು ಎಂದು ತೀರ್ಮಾನವಾಯಿತು. ಆಕ್ಸಿಮೀಟರ್ ಜೊತೆಗೆ ಒಯ್ಯಬೇಕು, ದಿನವೂ ಅಂಕಿಯ ಫೋಟೊ ಕಳಿಸಬೇಕು. ತಾಯಿ ಎಲ್ಲಕ್ಕೂ ಹೂಂ ಎಂದರು.

ಅರ್ಜಿ ಬಂತು. ನನ್ನ ಅಕ್ಷರ ಚೆನ್ನಾಗಿದೆಯೆಂದು ತುಂಬುವ ಕೆಲಸ ನನಗೇ ಬಿತ್ತು. ಹೆಸರು, ವಯಸ್ಸು, ರಕ್ತದ ಗುಂಪು. ಅದರ ಕೆಳಗೆ, ಹಿಂದೆ ಚಾರಣ ಮಾಡಿದ ಅನುಭವವಿದೆಯೇ ಎಂಬ ಪ್ರಶ್ನೆ. ಏನು ಬರೆಯಲಿ ಎಂದು ತಲೆಯೆತ್ತಿದೆ.

"ಸಿಂಗಪುರದಾಗ ಒಂದು," ಎಂದರು. "ಮೂರು ಸಲ ಕೂತೇನಿ ಅಂತನೂ ಬರೀರಿ."

ಬರೆಯಬೇಡಿ ಅಂಕಲ್ ಎಂದ ಮಗ. ನಾನು ಬರೆದೆ. ಅವನು ಅದನ್ನು ಓದಿ, ಪೆನ್ನು ತೆಗೆದುಕೊಂಡು, ಕೆಳಗೆ ಸಹಿ ಮಾಡಿದ. ಫೋನಿನಲ್ಲಿ ಫೋಟೊ ತೆಗೆದು ಗದಗಿನ ಗುಂಪಿನ ಮುಖ್ಯಸ್ಥೆಗೆ ವಾಟ್ಸಾಪಿನಲ್ಲಿ ಕಳಿಸಿದ. ಎರಡು ಗೀಟು ನೀಲಿಯಾಗುವವರೆಗೂ ತಾಯಿ ಅವನ ಕುರ್ಚಿಯ ಹಿಂದೆ ನಿಂತೇ ಇದ್ದರು.